ವಾರ್ತೆ ಓದುವವರ ರಜೆ

ಟ್ರಾನ್ಸಿಸ್ಟರಿನ ಹಳೆಯ ಚರ್ಮದ ಕವಚವನ್ನು ಮೂಗಿಗೆ ಹಿಡಿದರೆ ಸಾಕು, ಎಪ್ಪತ್ತರ ದಶಕದ ನಮ್ಮೂರು ಮೋರಟಗಿಯ ಒಂದು ಮಧ್ಯಾಹ್ನ ಈಗಲೂ ಎದುರಿಗೆ ಬರುತ್ತದೆ, ಜೊತೆಗೆ ಅವ್ವನ ಸಿಟ್ಟೂ.

ನಾನು ಹುಟ್ಟುವ ಮೊದಲಿನಿಂದಲೂ ಅಪ್ಪ ದೂರದ ಪಟ್ಟಣದಲ್ಲಿ ರೇಡಿಯೋ ವಾರ್ತೆ ಓದುತ್ತಿದ್ದರು. ಅಪರೂಪಕ್ಕೆ ಒಂದು ದಿನದ ರಜೆಗೆ ಬಂದರೆ ಊರಿಗೆ ಊರೇ ನಮ್ಮ ಕಟ್ಟೆಯ ಮೇಲೆ. ರೇಡಿಯೋದಲ್ಲಿ ಹೇಳಿಬಿಟ್ಟರೆ ಸರ್ಕಾರ ಓಡಿ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಕಳೆದುಹೋದ ಎಮ್ಮೆಯ ಸುದ್ದಿಯನ್ನೂ ಅಪ್ಪನೇ ಓದಬೇಕು!

ಅಂದು ಅಪ್ಪ ಊಟಕ್ಕೆ ಕೂತು ಹೋಳಿಗೆ ಮುರಿದಿದ್ದರಷ್ಟೆ. ಓಣಿಯ ಮುದುಕಿ ಗಂಗವ್ವ ಕೈಪಂಪಿನ ಮುರಿದ ಹಿಡಿಕೆಯನ್ನು ಹೊತ್ತು ತಂದು ತಾಟಿನ ಪಕ್ಕದಲ್ಲೇ ಧಡ್ಡನೆ ಇಟ್ಟಳು.

“ತಮ್ಮಾ, ಇದು ಮುರದು ವಾರಾತು. ರೇಡಿಯೋದಾಗ ಹೇಳು.”

“ಆಯಿ, ಅವರು ಬರದು ಕೊಟ್ಟಿದ್ದಷ್ಟ ನಾ ಓದ್ತೇನಿ.”

“ಹಂಗಾರ ನಾ ಹೇಳ್ತೇನಿ, ಬರಕೋ.”

“ಉಣ್ಣಾಕರ ಬಿಡ್ರಿ ಅವರ್ನ!” ಅವ್ವ ಒಲೆಯ ಮುಂದಿನಿಂದಲೇ ಚೀರಿದಳು.

ಅಪ್ಪ ಆಗಲೇ ಕೈ ತೊಳೆದಿದ್ದರು. ಹಿಡಿಕೆಯನ್ನು ಹೆಗಲಿಗೇರಿಸಿಕೊಂಡು, ವೆಲ್ಡಿಂಗ್ ಮಾಡಿಸಲು ಸಿಂದಗಿಯ ಬಸ್ಸು ಹತ್ತಿದರು. ಸಂಜೆ ತಿರುಗಿ ಬಂದು ಅದನ್ನು ಪಂಪಿಗೆ ಕೂಡಿಸಿ, ನೀರು ಬಂದದ್ದನ್ನು ನೋಡಿ, ಹಾಗೇ ಕೆಲಸಕ್ಕೆ ಹೊರಟುಹೋದರು. ತಾಟಿನಲ್ಲಿ ಹೋಳಿಗೆ ಒಣಗಿತ್ತು.

ಮರುದಿನ ಸಂಜೆ ಅವ್ವ ಟ್ರಾನ್ಸಿಸ್ಟರನ್ನು ಅಪ್ಪ ಊಟಕ್ಕೆ ಕೂರುವ ಮಣೆಯ ಮೇಲೆ ಇಟ್ಟು ಅದರ ಕಿವಿ ತಿರುವಿದಳು. ಅಪ್ಪನ ದನಿ ಬಂತು. ನಾನು ಏನೋ ಕೇಳಹೋದೆ.

“ಸುಮ್ನ ಕೂಡು,” ಎಂದಳು. “ಇದರಾಗರ ನಿಮ್ಮಪ್ಪ ಹತ್ತು ನಿಮಿಷ ಎದ್ದು ಹೋಗದಂಗ ಕುಂದರ್ತಾರ.”