ತೊಳೆದಿಟ್ಟ ಹಳ್ಳ

ಊರ ಪಕ್ಕ ಬರಲಿರುವ ಕಾರ್ಖಾನೆಗೆ ಒಪ್ಪಿಗೆ ಕೊಡುವ ಮೊದಲು ನೀರು ಪರೀಕ್ಷೆಗೆ ಸಾಹೇಬರು ಬರುತ್ತಾರೆಂದು ಊರ ಹೆಂಗಸರು ಹಿಂದಿನ ದಿನವೇ ಸೆರಗು ಸಿಕ್ಕಿಸಿಕೊಂಡು ಹಳ್ಳಕ್ಕಿಳಿದಿದ್ದರು. ಪಂಚಾಯ್ತಿಗೆ ಬಂದಿದ್ದ ಬ್ಲೀಚಿಂಗ್ ಪುಡಿ ಸುರಿದು, ಒಂದೊಂದು ಕಲ್ಲನ್ನೂ ಮಗುಚಿ, ತೆಂಗಿನ ನಾರಿನಿಂದ ತಿಕ್ಕಿ ಫಳಫಳ ಹೊಳೆಸಿದ್ದರು. ಎಲ್ಲರನ್ನೂ ಹೊರಡಿಸಿದ್ದ ಚಿಕ್ಕತಾಯಮ್ಮನ ಅಂಗೈ ಇನ್ನೂ ಉರಿಯುತ್ತಿತ್ತು.

ಸಾಹೇಬರು ಪ್ಯಾಂಟು ಮಡಚಿ ನೀರಿಗಿಳಿದು ಕಲ್ಲುಗಳನ್ನು ಎತ್ತೆತ್ತಿ ನೋಡಿದರು.

"ಒಂದು ಹುಳವೂ ಇಲ್ವಲ್ಲಮ್ಮ."

"ಎಲ್ಲಿಂದ ಬಂದಾವು ಸ್ವಾಮಿ!" ಚಿಕ್ಕತಾಯಮ್ಮ ಬೀಗಿದಳು.

"ನೀರು ಚೆನ್ನಾಗಿದ್ರೆ ಕಲ್ಲಿನಡಿ ಹುಳ ಇರುತ್ತವೆ. ಇದು ಸತ್ತ ಹಳ್ಳ. ಕಾರ್ಖಾನೆಯವರು ಕೊಳಚೆ ಬಿಟ್ಟರೂ ಹೋಗೋದೇನಿಲ್ಲ ಅಂತ ಬರೀತೀನಿ."

ಅವಳು ಕೈ ಮುಗಿದಳು. "ಅಯ್ಯೋ, ಇದ್ವು ಸ್ವಾಮಿ! ಮೊನ್ನೆಗಂಟ ಕಲ್ಲಿಗೊಂದು ಹಿಡಿ ಇದ್ವು. ಸಾಹೇಬ್ರು ಅಸಹ್ಯ ಪಟ್ಕಂಡಾರು ಅಂತ ನಾವೇ ಪುಡಿ ಹಾಕಿ ಸಾಯಿಸ್ಬುಟ್ವು. ಮಕ್ಳು ಕುಡಿಯೋ ನೀರು ಸ್ವಾಮಿ, ಒಂದು ತಿಂಗ್ಳು ಬುಟ್ಟು ಬಂದು ನೋಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಸಾಹೇಬರು ಅದೇ ನೀರಿನಲ್ಲಿ ಕೈ ತೊಳೆದು, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಗೊತ್ತು ತಾಯಿ. ಪಂಚಾಯ್ತಿಗೆ ಆ ಪುಡಿ ಕಳಿಸಿದ್ದೇ ನಾನು."