ಬೆರಳು ನೋಡುವ ಮೇಷ್ಟ್ರು

"ಬೆರಳು!" ಎಂದು ಗಿಟಾರ್ ಮೇಷ್ಟ್ರು ಗುಡುಗಿದ ಏಟಿಗೆ ಪಾಠದ ಕೋಣೆಯ ಕಿಟಕಿ ಗಾಜುಗಳು ಚಳಿಜ್ವರ ಬಂದಂತೆ ನಡುಗಿದವು. ಏಳು ವರ್ಷದ ಪೋರಿಯಿಂದ ಹಿಡಿದು ಅರವತ್ತರ ಹಲ್ಲಿನ ಡಾಕ್ಟರವರೆಗೆ ಹನ್ನೊಂದು ಮಂದಿ ಶಿಷ್ಯರು ಎಡಗೈ ಚಾಚಿ ಸಾಲಾಗಿ ನಿಂತರು. ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಒಬ್ಬರೇ ಕೂತು ನುಡಿಸುವ ಭಾಗ್ಯ ಯಾರದೆಂದು ಇವತ್ತು ತೀರ್ಮಾನವಾಗಬೇಕಿತ್ತು. ಹಾಗೆಂದು ಮೇಷ್ಟ್ರು ಯಾರ ಕೈಲೂ ನುಡಿಸಿ ನೋಡುವವರಲ್ಲ. ಇಪ್ಪತ್ತು ವರ್ಷ ಅದೇ ಮೂರು ಹಾಡುಗಳನ್ನು ಮೂರು ಲಕ್ಷ ಸಲ ಕೇಳಿ ಅವರ ಕಿವಿಗಳು ಎಂದೋ ರಾಜೀನಾಮೆ ಕೊಟ್ಟಿದ್ದವು. ತಂತಿ ಒತ್ತಿ ಒತ್ತಿ ಬೆರಳ ತುದಿ ಎಷ್ಟು ಗಟ್ಟಿಯಾಗಿದೆ ಎಂದು ಹಿಸುಕಿ ನೋಡುವರು. ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ನಡೆದಿದೆ ಎಂದು ನಿಮಿಷ ತಪ್ಪದೆ ಹೇಳುವರು. ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ತಾಯಂದಿರು ಈ ವಿದ್ಯೆಗೇ ಮರುಳಾಗಿ ಮಕ್ಕಳನ್ನು ಎಳೆದು ತಂದವರು.

ಸಾಲಿನ ಕೊನೆಯಲ್ಲಿ ಗಾರೆಯವನೂ ಅವನ ಹತ್ತು ವರ್ಷದ ಮಗಳೂ ಇದ್ದರು. ಇಬ್ಬರೂ ಒಟ್ಟಿಗೇ ಪಾಠಕ್ಕೆ ಸೇರಿದ್ದರೂ ಮನೆಗೆ ಇದ್ದದ್ದು ಒಂದೇ ಗಿಟಾರ್. ಮಗಳು ಶಾಲೆಯಿಂದ ಬಂದವಳೇ ಅದನ್ನು ತಬ್ಬಿ ಕೂತರೆ ನಿದ್ದೆ ಬಂದು ಕುತ್ತಿಗೆ ವಾಲುವವರೆಗೆ ಬಿಡುತ್ತಿರಲಿಲ್ಲ. ಅಪ್ಪನ ಪಾಲಿಗೆ ಉಳಿದದ್ದು ಅದರ ಚೀಲ ಹೊರುವ ಕೆಲಸ. ನಾಲ್ಕು ತಿಂಗಳಲ್ಲಿ ಅವನು ಕಲಿತದ್ದು ಗಿಟಾರಿನ ತಲೆ ಯಾವುದು, ಬುಡ ಯಾವುದು ಎಂಬುದನ್ನು ಮಾತ್ರ. ಆದರೆ ಅವನ ಬೆರಳುಗಳೋ! ಇಪ್ಪತ್ತೈದು ವರ್ಷ ಇಟ್ಟಿಗೆ, ಸಿಮೆಂಟು ತಿಂದ ಬೆರಳುಗಳು. ಕಚ್ಚಲು ಬಂದ ಜೇನುನೊಣ ಕೊಂಡಿ ಮುರಿದುಕೊಂಡು ಅಳುತ್ತಾ ಗೂಡಿಗೆ ಮರಳಬೇಕು. ಅವುಗಳ ಮೇಲೆ ಬೆಂಕಿಕಡ್ಡಿ ಗೀರಬಹುದಿತ್ತು.

ಮೇಷ್ಟ್ರು ಮಗಳ ಬೆರಳು ಹಿಸುಕಿ ಮುಖ ಹುಳ್ಳಗೆ ಮಾಡಿಕೊಂಡರು. "ಬೆಣ್ಣೆ! ದಿನಕ್ಕೆ ಏಳು ನಿಮಿಷ."

"ಇಲ್ಲ ಸಾರ್, ನಾಲ್ಕು ಗಂಟೆ ನುಡಿಸ್ತೀನಿ. ಮೆಲ್ಲಗೆ ಒತ್ತಿದ್ರೇನೇ ಚೆನ್ನಾಗಿ ಕೇಳುತ್ತೆ, ಅದಕ್ಕೆ…"

"ಬಾಯಿ ಮುಚ್ಚು. ಅಪ್ಪನ್ನ ನೋಡಿ ಕಲಿ." ಗಾರೆಯವನ ಬೆರಳು ಮುಟ್ಟಿದ್ದೇ ತಡ, ಮೇಷ್ಟ್ರ ಕಣ್ಣಲ್ಲಿ ನೀರು ಬುಗ್ಗೆಯಾಗಿ ಚಿಮ್ಮಿತು. "ದಿನಕ್ಕೆ ಒಂಬತ್ತು ಗಂಟೆ! ಈ ಸಲ ವೇದಿಕೆ ಇವರದ್ದೇ!" ಬೆಂಚು ಮುರಿಯುವಂತೆ ತಾಯಂದಿರು ಚಪ್ಪಾಳೆ ತಟ್ಟಿದರು.

ವಾರ ವಾರವೂ ಈ ಹೊಗಳಿಕೆಯನ್ನು ಗಾರೆಯವನು ತುಟಿ ಹೊಲಿದುಕೊಂಡು ನುಂಗುತ್ತಾ ಬಂದಿದ್ದ. ಊರಗಲ ಗೋಡೆ ಕಟ್ಟಿದರೂ ಒಬ್ಬ ಮಾಲೀಕನಾದರೂ ಭೇಷ್ ಎಂದವನಲ್ಲ. ಒಂದು ಕಣ್ಣು ಮುಚ್ಚಿ ಎಲ್ಲಿ ಸೊಟ್ಟಗಿದೆ ಎಂದು ಹುಡುಕುವವರೇ ಎಲ್ಲ. ಹೀಗಿರುವಾಗ ಪುಕ್ಕಟೆ ಸಿಕ್ಕ ಭೇಷನ್ನು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಇವತ್ತು ಮಗಳ ಕೆಳತುಟಿ ಅದುರುತ್ತಿತ್ತು. ಆ ವೇದಿಕೆಗೆಂದೇ ಅವಳು ತೀಡಿದ್ದ ಹಾಡು ಮನೆಯ ಗೋಡೆಗಳಿಗೂ ಬಾಯಿಪಾಠವಾಗಿತ್ತು.

"ಸಾರ್, ಇದು ಗಿಟಾರಿಂದ ಬಂದಿದ್ದಲ್ಲ," ಎಂದ ಗಾರೆಯವನು. "ಸಿಮೆಂಟಿಂದ ಬಂದಿದ್ದು. ಇಟ್ಟಿಗೆ ತಿಕ್ಕಿ ತಿಕ್ಕಿ ಹಿಂಗಾಗಿದೆ. ನುಡಿಸೋಳು ಇವಳು. ಒಂದೇ ಒಂದ್ಸಲ ಕೇಳಿ ನೋಡಿ."

"ಕೇಳಿಸ್ಕೊಂಡ್ರಾ? ದೊಡ್ಡ ಕಲಾವಿದರ ವಿನಯ ಅಂದ್ರೆ ಇದು!"

ಬೇರೆ ದಾರಿ ಕಾಣದೆ ಗಾರೆಯವನು ಹೆಗಲ ಚೀಲದಿಂದ ಗಿಟಾರ್ ಹೊರಗೆಳೆದು ನುಡಿಸಿಯೇಬಿಟ್ಟ. ತಗಡಿನ ಪೆಟ್ಟಿಗೆಯೊಂದು ಒಂಬತ್ತು ಮಹಡಿ ಮೆಟ್ಟಿಲು ಉರುಳಿದ ಸದ್ದು. ಕಂಬದ ಮೇಲಿದ್ದ ಕಾಗೆಗಳು ಸಂಸಾರ ಸಮೇತ ಆ ಬೀದಿ ಬಿಟ್ಟು ಹೋದವು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ ತಲೆದೂಗಿದರು. "ಈ ಬೆರಳಲ್ಲಿ ತಪ್ಪು ಬರೋಕೆ ಸಾಧ್ಯಾನೇ ಇಲ್ಲ. ಇದು ಹೊಸ ಕಾಲದ ಶೈಲಿ."

"ಹಂಗಾದ್ರೆ ನಾನು ಒಲ್ಲೆ ಸಾರ್. ನನ್ನ ಜಾಗ ಇವಳಿಗೆ ಕೊಡಿ."

"ಬೆಣ್ಣೆ ಬೆರಳನ್ನ ವೇದಿಕೆಗೆ ಹತ್ತಿಸಿದ್ರೆ ನನ್ನ ಮಾನ ಏನಾಗ್ಬೇಕು ಯಜಮಾನ್ರೇ?"

ಗಾರೆಯವನು ಒಂದು ಕೈಲಿ ಗಿಟಾರ್, ಇನ್ನೊಂದರಲ್ಲಿ ಮಗಳನ್ನು ಹಿಡಿದು ಬೆಂಚಿನವರ ನಡುವೆ ಹೊರಗೆ ನಡೆದ. ಬೀದಿಯ ತಿರುವಿನಲ್ಲಿ ಮಗಳು ಮೂಗು ಒರೆಸಿಕೊಂಡಳು. "ಅಪ್ಪಾ, ನೀನು ನುಡಿಸಿದ್ದು ನಿಜವಾಗ್ಲೂ ಘೋರವಾಗಿತ್ತು."

"ಗೊತ್ತು ಕಣೇ."

ಆದರೆ ಬೆಂಚಿನವರ ತಲೆಗೆ ಹೊಕ್ಕದ್ದು ಒಂದೇ ಮಾತು: ಸಿಮೆಂಟು. ಶನಿವಾರ ಮಧ್ಯಾಹ್ನ ಗಾರೆಯವನು ಅರ್ಧ ಎದ್ದ ಗೋಡೆಯ ಮೇಲಿಂದ ಕೆಳಗೆ ನೋಡಿದರೆ ಇಡೀ ತರಗತಿ ಅಲ್ಲಿ ನೆರೆದಿತ್ತು. ಒಬ್ಬೊಬ್ಬರೂ ಒಂದೊಂದು ಇಟ್ಟಿಗೆಗೆ ಎಡಗೈ ಬೆರಳು ತಿಕ್ಕುತ್ತಿದ್ದರು. ತಾಯಂದಿರು ಕೊಡೆ ಹಿಡಿದಿದ್ದರು. ಹಲ್ಲಿನ ಡಾಕ್ಟರಿಗೆ ಹೆಂಡತಿಯದೇ ಕೊಡೆ.

"ಅಮ್ಮಾ, ನಾನು ಗೋಡೆ ಕಟ್ಟೋನು. ಪಾಠ ಹೇಳೋನಲ್ಲ!"

"ಗುಟ್ಟೆಲ್ಲ ಬಿಟ್ಟುಕೊಡ್ಬೇಡಿ ಬಿಡಿ," ಎಂದಳು ಡಾಕ್ಟರ ಹೆಂಡತಿ. "ದಿನಕ್ಕೆ ಎಷ್ಟು ಇಟ್ಟಿಗೆ ಅಂತ ಹೇಳಿ, ಸಾಕು."

ಮರಳು ರಾಶಿಯ ಮೇಲೆ ಕೂತಿದ್ದ ಮಗಳು ಬೇಸರಕ್ಕೆ ಗಿಟಾರ್ ಎತ್ತಿಕೊಂಡು ಆ ಹಾಡು ಶುರುಮಾಡಿದಳು. ಜಲ್ಲಿ ಹೊತ್ತವರು ಹೊತ್ತ ಹಾಗೇ ನಿಂತರು. ಗಡಗಡ ಎನ್ನುತ್ತಿದ್ದ ಕಾಂಕ್ರೀಟ್ ಯಂತ್ರವನ್ನು ಯಾರೋ ನಿಲ್ಲಿಸಿದರು. ಗಾರೆಯವನ ಕರಣೆಯಿಂದ ಗಾರೆ ತೊಟ್ಟಿಕ್ಕಿ ಹೋಯಿತು. ಡಾಕ್ಟರು ಇಟ್ಟಿಗೆ ಬಿಟ್ಟು, ಬಾಯಿ ತೆರೆದು, ಮೆಲ್ಲಗೆ ಅತ್ತ ತಿರುಗಿದರು.

ಹೆಂಡತಿ ಕೊಡೆಯ ತುದಿಯಿಂದ ಅವರ ಪಕ್ಕೆಗೆ ತಿವಿದಳು. "ಅಲ್ಲೇನ್ರೀ ಕೇಳ್ತಾ ನಿಂತ್ರಿ? ತಿಕ್ಕಿ!"