ಒಂದು ಸೀಟಿ

ಶಿಖರದ ತುದಿಗೆ ಇನ್ನು ಐವತ್ತೇ ಹೆಜ್ಜೆ ಉಳಿದಿದ್ದಾಗ ಹಿಂದಿನಿಂದ ಒಂದು ಸೀಟಿ ಕೇಳಿತು. ಗುತ್ತೆಪ್ಪನ ಬಲಗಾಲು ಹಿಮದೊಳಗೇ ಬ್ರೇಕು ಒತ್ತಿತು.

ಇಪ್ಪತ್ತೆರಡು ವರ್ಷ ಶಿಗ್ಗಾವಿ–ಹಿರೇಕೆರೂರು ಬಸ್ಸು ಓಡಿಸಿದ ಕಾಲು ಅದು. ಸೀಟಿ ಊದಿದವನು ಅದೇ ಬಸ್ಸಿನ ಕಂಡಕ್ಟರ್ ಮಕ್ತುಮಸಾಬ. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಹಿಮಾಲಯಕ್ಕೆ ಬಂದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ.

ಡಿಸೆಂಬರಿನ ಥಂಡಿಯನ್ನಂತೂ ಕೇಳಲೇಬೇಡಿ. ಗುತ್ತೆಪ್ಪನ ಮೀಸೆಯಲ್ಲಿ ಕಟ್ಟಿದ ಮಂಜಿನಿಂದ ಹಾನಗಲ್ಲಿನ ಎರಡು ಮದುವೆಗೆ ಐಸ್‌ಕ್ರೀಮ್ ಹಂಚಬಹುದಿತ್ತು. ಗಾಳಿಯ ರಭಸಕ್ಕೆ ಬಂಕಾಪುರದ ಕೋಟೆಯಾದರೂ ಎದ್ದು ಸವಣೂರಿಗೆ ಹೋಗಿ ಕೂರುತ್ತಿತ್ತು. ಇಂಥದ್ದರಲ್ಲಿ ತುದಿ ಮುಟ್ಟಿ ಫೋಟೊ ತರುತ್ತೇನೆಂದು ಆತ ಡಿಪೊ ತುಂಬ ಹೇಳಿಕೊಂಡು ಬಂದಿದ್ದ. ಬಸ್ಸು ಹತ್ತಿದವರಿಗೆ ಟಿಕೇಟಿಗಿಂತ ಮುಂಚೆ ಇದೇ ಸುದ್ದಿ ಸಿಗುತ್ತಿತ್ತು. ಅವನ ಮೊಣಕಾಲು ನೋಡುವ ಡಾಕ್ಟರು ಇದೊಂದೇ ಸಲ ಎಂದು ಬಿಟ್ಟುಕೊಟ್ಟಿದ್ದರು. ಮತ್ತೆ ಹತ್ತುವ ಮಾತೇ ಇರಲಿಲ್ಲ.

ತಿರುಗಿ ನೋಡಿದರೆ ಮಕ್ತುಮಸಾಬ ಹಿಮದಲ್ಲಿ ಕುಕ್ಕರಿಸಿದ್ದ. ಕೂಗಿದರೆ ಗಾಳಿಯಲ್ಲಿ ಕೇಳದೆಂದು ಕೊರಳಲ್ಲಿದ್ದ ಸೀಟಿ ಊದಿದ್ದ. ಕಾಲ್ಬೆರಳು ಇವೆಯೋ ಬಿದ್ದುಹೋದವೋ ಒಂದೂ ತಿಳಿಯುತ್ತಿಲ್ಲ ಎಂದ. ಗೈಡ್ ಬೂಟು ಬಿಚ್ಚಿಸಿ ನೋಡಿ, ಇವರನ್ನು ನಾನು ಈಗಲೇ ಕೆಳಗಿಳಿಸುತ್ತೇನೆ, ನೀವು ಮುಂದೆ ಹೋಗುತ್ತಿರುವ ನಮ್ಮ ತಂಡದವರ ಜೊತೆ ತುದಿ ಮುಟ್ಟಿ ಬನ್ನಿ ಎಂದು ಹಿಂದಿಯಲ್ಲಿ ಹೇಳಿದ. ಗುತ್ತೆಪ್ಪ ಕದಲಲಿಲ್ಲ. ಮಕ್ತುಮಸಾಬ ನಡುಗುವ ತುಟಿಗೆ ಸೀಟಿ ಇಟ್ಟು ಎರಡು ಸಲ ಊದಿದ.

ಗುತ್ತೆಪ್ಪ ಆ ಐವತ್ತು ಹೆಜ್ಜೆಯ ಕಡೆ ಒಮ್ಮೆ ನೋಡಿದ. ಆಮೇಲೆ ಇಳಿದು ಬಂದು ಗೆಳೆಯನ ಕಂಕುಳಿಗೆ ಹೆಗಲು ಕೊಟ್ಟ.

“ರೈಟ್ ಕೊಟ್ಟೇನಲ್ಲ, ಗುತ್ತೆಪ್ಪಣ್ಣ. ಹೋಗು.”

“ಕಂಡಕ್ಟರ್ ಕೆಳಗ ಕುಂತಾಗ ಗಾಡಿ ಬಿಟ್ರ ನನಗ ಮೆಮೊ ಕೊಡ್ತಾರ. ಸುಮ್ಕ ಏಳು.”

ಹತ್ತನೆಯ ದಿನ ಶಿಗ್ಗಾವಿ ನಿಲ್ದಾಣದಲ್ಲಿ ಅರ್ಧ ಜಿಲ್ಲೆಯೇ ಅವರನ್ನು ಮುತ್ತಿತು. ಎಲ್ಲರದ್ದೂ ಒಂದೇ ಪ್ರಶ್ನೆ, ಫೋಟೊ ಎಲ್ಲಿ? ಕಾಲಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ಮಕ್ತುಮಸಾಬ ತಲೆ ತಗ್ಗಿಸಿದ. ಅದನ್ನು ಕಂಡ ಗುತ್ತೆಪ್ಪ ಮೀಸೆ ತೀಡಿ ಶುರುಮಾಡಿದ.

“ಎಲ್ಲಿ ಫೋಟೊರಿ? ತುದಿ ಇಲ್ಲೇ ಐತಿ ಅನ್ನೂದ್ರಾಗ ನನ್ನ ಮೊಣಕಾಲು ಹೋತು. ಸಣ್ಣ ಹುಡುಗನಂಗ ಕುಂತು ಅತ್ತಬಿಟ್ಟೇನಿ. ಪಾಪ, ನಮ್ಮ ಸಾಬ ಮ್ಯಾಲ ಹೋಗೂದು ಬಿಟ್ಟು, ನನ್ನ ಹೊತ್ಕೊಂಡು...”

ಬೆಂಚಿನ ಕಡೆಯಿಂದ ಒಂದು ಸೀಟಿ ಕೇಳಿತು.

ಗುತ್ತೆಪ್ಪನ ಬಲಗಾಲು ನೆಲವನ್ನು ಒತ್ತಿತು. ಮಾತು ಅಲ್ಲೇ ನಿಂತಿತು.